ಮೇವಿನ ಚೀಲಕ್ಕೂ ಮೊದಲು ಒಂದು ಲೋಟ ನೀರು ತೋರಿಸಿ: ಮೀನುಗಾರಿಕೆ ಸಚಿವರಿಗೆ ಬಹಿರಂಗ ಪತ್ರ

ರಾಜ್ಯದ ಮೀನುಗಾರಿಕೆ ಸಚಿವರಿಗೆ, ಇಲಾಖೆಯ ಅಧಿಕಾರಿಗಳಿಗೆ, ಮತ್ತು ನನ್ನ ಹಾಗೆ ಹೊಲದ ಮೂಲೆಯಲ್ಲಿ ಹೊಂಡ ತೋಡಿಕೊಂಡಿರುವ ರೈತರಿಗೆ,

ನಮಸ್ಕಾರ.

ನಾನು ಮದ್ದೂರು ಕಡೆಯ ರೈತ. ನಮ್ಮದು ನಾಲೆ ಬಯಲು. ಕಬ್ಬು, ಭತ್ತ ಬೆಳೆಯುತ್ತೇವೆ. ಅದರ ಜೊತೆಗೆ 20 ಗುಂಟೆಯ ಒಂದು ಮಣ್ಣಿನ ಹೊಂಡದಲ್ಲಿ ಕಾಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆ ಮೀನು ಸಾಕುತ್ತೇನೆ. ಸ್ವಲ್ಪ ಎತ್ತರದ ಖುಷ್ಕಿ ಜಮೀನಿನಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಒಂದು ಸಣ್ಣ ಕೃಷಿ ಹೊಂಡವೂ ಇದೆ. ಅದರಲ್ಲೂ ಮೀನು ಬಿಟ್ಟಿದ್ದೇನೆ.

ಸಹಾಯಧನ ಜಾಸ್ತಿ ಮಾಡಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ನನ್ನದು ಒಂದೇ ಬೇಡಿಕೆ. ಹೊಸದಾಗಿ ಮೀನು ಸಾಕಲು ಬರುವ ರೈತನ ಕೈಗೆ ಮೇವಿನ ಚೀಲ ಹೋಗುವ ಮೊದಲು, ಅವನ ಹೊಂಡದ ನೀರನ್ನು ಒಂದು ಗಾಜಿನ ಲೋಟದಲ್ಲಿ ತುಂಬಿ, ಬೆಳಕಿಗೆ ಹಿಡಿದು ತೋರಿಸಿ. ಆ ನೀರಿನಲ್ಲಿ ಓಡಾಡುವ ಸಣ್ಣ ಸಣ್ಣ ಚುಕ್ಕೆಗಳೇ ಮೀನಿನ ಮೊದಲ ಊಟ ಎಂದು ಹೇಳಿಕೊಡಿ. ಇಷ್ಟನ್ನು ನನಗೆ ಮೊದಲ ವರ್ಷವೇ ಯಾರಾದರೂ ಹೇಳಿದ್ದರೆ ನನ್ನ ಎರಡು ವರ್ಷ ಉಳಿಯುತ್ತಿತ್ತು.

ಆ ಎರಡು ವರ್ಷದ ಕಥೆಯನ್ನು ಮೊದಲು ಹೇಳುತ್ತೇನೆ.

ಹೊಂಡ ತೋಡುವ ಮೊದಲು ಎರಡು ದಿನದ ಒಂದು ತರಬೇತಿಗೆ ಹೋಗಿದ್ದೆ. ಅದು ಎಲ್ಲಿ, ಯಾರು ನಡೆಸಿದ್ದು ಎಂದು ಬರೆಯುವುದಿಲ್ಲ. ಅವರ ಮೇಲೆ ನನಗೆ ಸಿಟ್ಟೂ ಇಲ್ಲ. ತಳಿಗಳ ಬಗ್ಗೆ ಹೇಳಿದರು, ಲಾಭದ ಲೆಕ್ಕ ಹೇಳಿದರು, ಮೇವಿನ ಲೆಕ್ಕ ಹೇಳಿದರು. ಮೀನಿನ ಒಟ್ಟು ತೂಕದ ಶೇ 2ರಿಂದ 3ರಷ್ಟು ಮೇವು ದಿನಾ ಹಾಕಬೇಕು ಎಂದು ಬರೆದುಕೊಂಡೆ. ನೀರಿನ ಬಗ್ಗೆ ಬಂದ ಮಾತು ಒಂದೇ: ನೀರು ಶುದ್ಧವಾಗಿರಬೇಕು. ಶುದ್ಧ ಎಂದರೆ ತಿಳಿ ಎಂದು ನಾನು ಅರ್ಥ ಮಾಡಿಕೊಂಡೆ. ಅಲ್ಲೇ ಎಡವಿದೆ.

ನಾಲೆ ನೀರು ಕೈಗೆ ಸಿಗುವ ಹಾಗಿತ್ತು. ಹಾಗಾಗಿ ಹೊಂಡದ ಒಂದು ಕಡೆಯಿಂದ ನೀರು ಬಿಟ್ಟು ಇನ್ನೊಂದು ಕಡೆಯಿಂದ ಸದಾ ಹರಿಸುತ್ತಿದ್ದೆ. ನೀರು ಕನ್ನಡಿಯ ಹಾಗಿತ್ತು. ನೆಂಟರು ಬಂದರೆ ಕರೆದುಕೊಂಡು ಹೋಗಿ ತೋರಿಸುತ್ತಿದ್ದೆ. ತಳದ ಮಣ್ಣು ಕಾಣುತ್ತಿತ್ತು, ಮರಿಗಳು ಓಡುವುದು ಕಾಣುತ್ತಿತ್ತು. ಬೆಳಿಗ್ಗೆ ಸಂಜೆ ಪೆಲೆಟ್ ಎನ್ನುವ ಅಂಗಡಿಯ ಗುಳಿಗೆ ಮೇವು ಎರಚುತ್ತಿದ್ದೆ. ಮೀನು ಬರುತ್ತಿದ್ದವು, ತಿನ್ನುತ್ತಿದ್ದವು. ತೂಕ ಮಾತ್ರ ಏರಲಿಲ್ಲ. ಐದು ತಿಂಗಳಾದ ಮೇಲೆ ಬಲೆ ಎಳೆದು ನೋಡಿದರೆ ಕಾಟ್ಲಾಗಳಿಗೆ ತಲೆ ದೊಡ್ಡದು, ಮೈ ಸಣ್ಣದು. ಅಂಗಡಿಯವರು ಮೇವು ಜಾಸ್ತಿ ಮಾಡಿ ಎಂದರು. ಮಾಡಿದೆ. ಚೀಲದ ಮೇಲೆ ಚೀಲ ಹೋಯಿತು. ವರ್ಷದ ಕೊನೆಗೆ ಮೀನು ಮಾರಿದ ದುಡ್ಡು ಮೇವಿನ ಸಾಲಕ್ಕೇ ಸರಿಹೋಯಿತು.

ಆಗ ಪಕ್ಕದ ಊರಿನ ಒಬ್ಬ ಹಿರಿಯರು ಹೊಂಡ ನೋಡಲು ಬಂದರು. ಬದುಕೆಲ್ಲ ಕೆರೆಯಲ್ಲಿ ಬಲೆ ಬೀಸಿದವರು. ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು, ತೋಳನ್ನು ಮೊಳಕೈವರೆಗೆ ನೀರಿಗೆ ಇಳಿಸಿದರು. ಸ್ವಲ್ಪ ಹೊತ್ತು ನೋಡಿ, "ಬೆರಳಿನ ಉಗುರೂ ಕಾಣ್ತಾ ಇದೆಯಲ್ಲಪ್ಪ, ಇದರಲ್ಲಿ ಊಟ ಎಲ್ಲಿದೆ?" ಎಂದರು. ನಾನು ಪೆಲೆಟ್ ಚೀಲ ತೋರಿಸಿದೆ. ಅವರು ಒಂದೇ ಪ್ರಶ್ನೆ ಕೇಳಿದರು. "ಕೆರೆಗೆ ಯಾರು ಮೇವು ಹಾಕ್ತಾರೆ?"

ನಿಜ ಅಲ್ವಾ? ನಮ್ಮ ಊರ ಕೆರೆಗಳಿಗೆ ಸೊಸೈಟಿಯವರು ಮರಿ ಬಿಡುತ್ತಾರೆ. ಯಾರೂ ಚೀಲ ಹೊತ್ತುಕೊಂಡು ಹೋಗಿ ಮೇವು ಎರಚುವುದಿಲ್ಲ. ಆದರೂ ಎರಡು ಮೂರು ಕೆಜಿಯ ಕಾಟ್ಲಾ ಬಲೆಗೆ ಬೀಳುತ್ತವೆ. ದನ ಕುರಿ ನೀರು ಕುಡಿಯಲು ಇಳಿಯುತ್ತವೆ, ಕೆರೆಯ ಮೇಲಿನ ಹೊಲಗಳಿಂದ ಗೊಬ್ಬರದ ಸಾರ ಮಳೆಯಲ್ಲಿ ತೊಳೆದು ಬರುತ್ತದೆ, ಬಿಸಿಲು ಬೀಳುತ್ತದೆ. ನೀರು ಹಸಿರಾಗುತ್ತದೆ. ಅಲ್ಲಿಂದ ಊಟ ಶುರು.

ತೊಣ್ಣೂರು ಕೆರೆಗೆ ಮೋತಿ ತಲಾಬ್ ಎಂಬ ಹೆಸರೂ ಇದೆ. ಮುತ್ತಿನಂಥ ತಿಳಿನೀರು ಎಂದು ಬಂದ ಹೆಸರು. ಕಣ್ಣಿಗೆ ಅದಕ್ಕಿಂತ ಚೆಂದ ಬೇರೆ ಇಲ್ಲ. ಆದರೆ ಮೀನು ಹೊಂಡದ ನೀರು ಆ ಥರ ಇದ್ದರೆ ಅದು ಖಾಲಿ ತಟ್ಟೆ. ನಾನು ಒಂದು ವರ್ಷ ಪೂರ್ತಿ ಮೀನಿಗೆ ಖಾಲಿ ತಟ್ಟೆ ಇಟ್ಟು, ಪಕ್ಕದಲ್ಲಿ ದುಬಾರಿ ಉಪ್ಪಿನಕಾಯಿ ಬಡಿಸಿದ್ದೆ. ನಾಲೆ ನೀರನ್ನು ಸುಮ್ನೆ ಹರಿಸುತ್ತಾ, ಹೊಂಡದಲ್ಲಿ ಹುಟ್ಟಬೇಕಿದ್ದ ಊಟವನ್ನೂ ಅದರ ಸಾರವನ್ನೂ ಆಚೆ ಕಳಿಸುತ್ತಿದ್ದೆ.

ಎರಡನೇ ವರ್ಷ ಇದಕ್ಕೆ ಉಲ್ಟಾ ಮಾಡಿದೆ. ನೀರು ಹರಿಸುವುದು ನಿಲ್ಲಿಸಿದೆ. ಗೊಬ್ಬರ ಬೇಕು ಎಂದು ಗೊತ್ತಾಗಿತ್ತು, ಎಷ್ಟು ಎಂದು ಗೊತ್ತಾಗಿರಲಿಲ್ಲ. ಕೋಳಿ ಗೊಬ್ಬರ ಹತ್ತಿರದಲ್ಲೇ ಸಿಗುತ್ತಿತ್ತು, ಒಂದೇ ಸಲ ಟ್ರ್ಯಾಕ್ಟರ್‌ನಲ್ಲಿ ತಂದು ಸುರಿದೆ. ಹತ್ತು ಹನ್ನೆರಡು ದಿನದಲ್ಲಿ ನೀರು ಬಣ್ಣ ಬಳಿದ ಹಾಗೆ ಹಸಿರಾಯಿತು. ಖುಷಿಪಟ್ಟೆ. ಆಮೇಲೆ ಮೂರು ದಿನ ಮೋಡ ಕವಿದು ಜಡಿ ಮಳೆ. ನಾಲ್ಕನೇ ದಿನ ಬೆಳಗಿನ ಜಾವ ಹೋಗಿ ನೋಡಿದರೆ ಇಡೀ ಹೊಂಡದ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಪಂಪ್ ಹಚ್ಚಿ ನೀರು ಚಿಮ್ಮಿಸಿದೆ, ಹೊಸ ನೀರು ಬಿಟ್ಟೆ. ಅಷ್ಟರಲ್ಲಿ ದೊಡ್ಡ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅವತ್ತು ನನ್ನ ಹೆಂಡತಿ ಬುಟ್ಟಿಯಲ್ಲಿ ಸತ್ತ ಮೀನು ಎತ್ತಿ ಎತ್ತಿ ದಂಡೆಗೆ ಹಾಕುತ್ತಿದ್ದಳು, ಒಂದು ಮಾತೂ ಆಡಲಿಲ್ಲ. ಆ ಬೆಳಗನ್ನು ನಾನು ಮರೆತಿಲ್ಲ.

ಯಾಕೆ ಹಾಗಾಯಿತು ಎಂದು ಆಮೇಲೆ ತಿಳಿಯಿತು. ನೀರಿನ ಹಸಿರು ಎಂದರೆ ಕಣ್ಣಿಗೆ ಬಿಡಿಬಿಡಿಯಾಗಿ ಕಾಣದಷ್ಟು ಸಣ್ಣ ಪಾಚಿ ಗಿಡಗಳು. ಸಸ್ಯ ಪ್ಲವಕ ಎನ್ನುತ್ತಾರೆ. ಹಗಲು ಬಿಸಿಲಿನಲ್ಲಿ ಅವು ನೀರಿಗೆ ಆಮ್ಲಜನಕ ಕೊಡುತ್ತವೆ. ರಾತ್ರಿ ಅವೂ ಉಸಿರಾಡುತ್ತವೆ, ಮೀನೂ ಉಸಿರಾಡುತ್ತದೆ, ತಳದಲ್ಲಿ ಕೊಳೆಯುವ ಗೊಬ್ಬರವೂ ಆಮ್ಲಜನಕ ಎಳೆಯುತ್ತದೆ. ಹಾಗಾಗಿ ನೀರಿನಲ್ಲಿ ಉಸಿರು ಅತಿ ಕಡಿಮೆ ಇರುವುದು ಬೆಳಗಿನ ಜಾವ. ಹಸಿರು ಹದವಾಗಿದ್ದರೆ ಬೆಳಗಾಗುವವರೆಗೂ ಸಾಲುತ್ತದೆ. ಹಸಿರು ಅತಿಯಾಗಿ, ಮೇಲೆ ಮೂರು ದಿನ ಮೋಡ ಕವಿದರೆ ಸಾಲುವುದಿಲ್ಲ.

ಆ ಹದವನ್ನು ಅಳೆಯಲು ಲ್ಯಾಬ್ ಬೇಕಿಲ್ಲ. 20 ಸೆಂಟಿಮೀಟರ್ ಅಗಲದ ಒಂದು ತಟ್ಟೆಗೆ ಎದುರು ಬದುರು ಕಾಲು ಭಾಗಗಳಿಗೆ ಕಪ್ಪು, ಉಳಿದ ಎರಡಕ್ಕೆ ಬಿಳಿ ಬಳಿದು, ಮಧ್ಯೆ ಹಗ್ಗ ಕಟ್ಟಿ ನೀರಿಗೆ ಇಳಿಸಬೇಕು. ಎಷ್ಟು ಆಳಕ್ಕೆ ಹೋದಾಗ ತಟ್ಟೆ ಕಾಣದಾಗುತ್ತದೋ ಅದೇ ಲೆಕ್ಕ. ಇಟಲಿಯ ಆಂಜೆಲೊ ಸೆಕ್ಕಿ ಎಂಬ ವಿಜ್ಞಾನಿ 1865ರಲ್ಲಿ ಬಿಳಿ ತಟ್ಟೆ ಇಳಿಸಿ ಸಮುದ್ರದ ನೀರು ಎಷ್ಟು ತಿಳಿ ಎಂದು ಅಳೆದ ಉಪಾಯವೇ ಇದಕ್ಕೆ ಮೂಲ. ಇವತ್ತಿಗೂ ಜಗತ್ತಿನ ಮೀನು ಹೊಂಡಗಳಲ್ಲಿ ನಡೆಯುತ್ತಿದೆ. ನಮ್ಮ ಗೆಂಡೆ ಜಾತಿಯ ಮೀನುಗಳಿಗೆ 25ರಿಂದ 40 ಸೆಂಟಿಮೀಟರ್ ಆಳದಲ್ಲಿ ತಟ್ಟೆ ಮರೆಯಾದರೆ ಚೆನ್ನ. 20 ಸೆಂಟಿಮೀಟರ್ ಮುಟ್ಟುವ ಮೊದಲೇ ಮರೆಯಾದರೆ ಗೊಬ್ಬರ ನಿಲ್ಲಿಸಬೇಕು. 60 ದಾಟಿದರೂ ಕಾಣುತ್ತಿದ್ದರೆ ಹೊಂಡ ಹಸಿದಿದೆ ಎಂದರ್ಥ. ಆ ಹಿರಿಯರು ಮೊಳಕೈ ಇಳಿಸಿ ನೋಡಿದ್ದೂ ಇದನ್ನೇ. ನೀರು ಮೊಳಕೈ ಮುಟ್ಟುವ ಹೊತ್ತಿಗೆ ಅಂಗೈ ಮಸುಕಾಗಬೇಕು.

ಒಂದು ಎಚ್ಚರಿಕೆ. ಮಳೆ ಬಂದು ಮಣ್ಣು ಕದಡಿದ್ದರೂ ತಟ್ಟೆ ಬೇಗ ಮರೆಯಾಗುತ್ತದೆ. ಅದು ಊಟ ಅಲ್ಲ, ಬರೀ ಮಣ್ಣು. ಅದಕ್ಕೇ ನಾನು ಲೋಟದ ಮಾತು ಹೇಳಿದ್ದು. ಗಾಜಿನ ಲೋಟದಲ್ಲಿ ನೀರು ತುಂಬಿ ಸ್ವಲ್ಪ ಹೊತ್ತು ಇಡಿ. ಮಣ್ಣಾದರೆ ತಳಕ್ಕೆ ಕೂರುತ್ತದೆ. ಪ್ಲವಕವಾದರೆ ತಿಳಿ ಹಸಿರು ಇಲ್ಲವೇ ಹಸಿರು ಬೆರೆತ ಕಂದು ಬಣ್ಣ ಹಾಗೇ ನಿಲ್ಲುತ್ತದೆ. ಅದರೊಳಗೆ ಬಿಳಿ ಚುಕ್ಕೆಗಳು ಕುಪ್ಪಳಿಸುತ್ತಿರುತ್ತವೆ. ಡಾಫ್ನಿಯಾ, ಮೊಯಿನಾ, ಸೈಕ್ಲಾಪ್ಸ್ ಎಂದು ಹೆಸರು. ನೀರಿನಲ್ಲಿ ತೇಲಾಡುವ ಈ ಸಣ್ಣ ಪ್ರಾಣಿಗಳಿಗೆ ಪ್ರಾಣಿ ಪ್ಲವಕ ಎನ್ನುತ್ತಾರೆ. ಕಾಟ್ಲಾಗೆ ಇದೇ ಹಬ್ಬದೂಟ. ಒಣಗಿಸಿದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಪ್ರೋಟೀನ್. ಅಂಗಡಿಯ ಯಾವ ಚೀಲದಲ್ಲಿ ಇದು ಸಿಗುತ್ತದೆ ಹೇಳಿ.

ಈಗ ಒಂದು ಪದದ ಬಗ್ಗೆ ಹೇಳಬೇಕು. ತೌಡು, ಹಿಂಡಿ, ಪೆಲೆಟ್ ಎಲ್ಲದಕ್ಕೂ ಮೀನುಗಾರಿಕೆಯ ಕರಪತ್ರಗಳಲ್ಲಿ 'ಪೂರಕ ಆಹಾರ' ಎಂದು ಬರೆದಿರುತ್ತಾರೆ. ಪೂರಕ ಎಂದರೆ ಕಡಿಮೆ ಬಿದ್ದದ್ದನ್ನು ತುಂಬುವುದು. ಯಾವುದಕ್ಕೆ ಪೂರಕ? ಹೊಂಡದಲ್ಲಿ ತಾನಾಗಿ ಹುಟ್ಟುವ ಊಟಕ್ಕೆ. ಹೆಸರಿನಲ್ಲೇ ಪಾಠ ಇದೆ. ಆ ಹೆಸರು ಇಟ್ಟವರಿಗೆ ಯಾವುದು ಅನ್ನ, ಯಾವುದು ಪಲ್ಯ ಎಂದು ಚೆನ್ನಾಗಿ ಗೊತ್ತಿತ್ತು. ನಡುವೆ ಎಲ್ಲೋ ನಾವು ಪಲ್ಯವನ್ನೇ ಅನ್ನ ಮಾಡಿಕೊಂಡೆವು. ಮೇವಿನ ಮೇಲೆ ನಡೆಯುವ ಸಾಕಣೆಯಲ್ಲಿ ಖರ್ಚಿನ ಅರ್ಧಕ್ಕಿಂತ ಜಾಸ್ತಿ ಮೇವಿಗೇ ಹೋಗುತ್ತದೆ. ಸಣ್ಣ ರೈತ ಸೋಲುವುದು ಅಲ್ಲೇ.

ಹಲವು ಜಾತಿಯ ಮೀನನ್ನು ಒಂದೇ ಹೊಂಡದಲ್ಲಿ ಬಿಡುವ ನಮ್ಮ ಮಿಶ್ರತಳಿ ಸಾಕಣೆ ನಿಂತಿರುವುದೇ ಈ ಊಟದ ಮೇಲೆ. ಕಾಟ್ಲಾ ಮೇಲಿನ ನೀರಿನಲ್ಲಿ ಪ್ರಾಣಿ ಪ್ಲವಕ ಸೋಸಿ ತಿನ್ನುತ್ತದೆ. ರೋಹು ನಡುನೀರಿನಲ್ಲಿ ಪಾಚಿ, ಕೊಳೆತ ಎಲೆ ಕಡ್ಡಿ, ಕಲ್ಲಿಗೆ ಕೊಂಬೆಗೆ ಅಂಟಿದ ಲೋಳೆ ಮೇಯುತ್ತದೆ. ಮೃಗಾಲ್ ತಳದ ಕೆಸರು ಕೆದಕುತ್ತದೆ. ಬೆಳ್ಳಿಗೆಂಡೆಗೆ ಸಸ್ಯ ಪ್ಲವಕ, ಹುಲ್ಲುಗೆಂಡೆಗೆ ಹುಲ್ಲು, ಸಾಮಾನ್ಯ ಗೆಂಡೆಗೆ ತಳದ ಹುಳು ಹುಪ್ಪಟೆ. ಒಂದೇ ಮನೆಯಲ್ಲಿ ಆರು ಜನ, ಒಬ್ಬೊಬ್ಬರಿಗೆ ಒಂದೊಂದು ತಟ್ಟೆ, ಜಗಳ ಇಲ್ಲ. ಪೂರ್ತಿ ಜಗಳ ಇಲ್ಲ ಎನ್ನಲೂ ಆಗುವುದಿಲ್ಲ. ಬೆಳ್ಳಿಗೆಂಡೆ ಜಾಸ್ತಿ ಬಿಟ್ಟರೆ ಕಾಟ್ಲಾಗೆ ಪೆಟ್ಟು ಬೀಳುತ್ತದೆ. ನಾನು ಅದನ್ನು ಬಿಡುವುದೇ ಇಲ್ಲ. ಕಾಟ್ಲಾ, ರೋಹು, ಮೃಗಾಲ್ ಮೂರನ್ನು 3:4:3ರ ಲೆಕ್ಕದಲ್ಲಿ ಬಿಡುತ್ತೇನೆ. ಹೆಕ್ಟೇರಿಗೆ 5000 ಬಲಿತ ಮರಿ ಎನ್ನುವುದು ಹಳೆಯ ಶಿಫಾರಸು. ನನ್ನ 20 ಗುಂಟೆಗೆ ಅದು ಸಾವಿರ ಮರಿ.

ಈ ತಟ್ಟೆಗಳ ಲೆಕ್ಕ ಹೇಳದೆ ಬರೀ ಪೆಲೆಟ್ ಹೇಳಿಕೊಟ್ಟರೆ ಆರು ಜನರನ್ನೂ ಒಂದೇ ತಟ್ಟೆಗೆ ಕೂರಿಸಿದ ಹಾಗೆ. ಗಟ್ಟಿ ಇರುವವನು ತಿನ್ನುತ್ತಾನೆ, ಉಳಿದವರು ನೋಡುತ್ತಾರೆ.

ಮೂರನೇ ವರ್ಷದಿಂದ ನಾನು ಮಾಡುತ್ತಿರುವುದನ್ನು ರೈತ ಸ್ನೇಹಿತರಿಗಾಗಿ ಬರೆಯುತ್ತೇನೆ. ಹೊಸದೇನೂ ಅಲ್ಲ, ಎಲ್ಲವೂ ವಿಜ್ಞಾನಿಗಳು ಹಿಂದೆಯೇ ಹೇಳಿಟ್ಟದ್ದು. ಹೆಕ್ಟೇರಿನ ಲೆಕ್ಕವನ್ನು ಗುಂಟೆಗೆ ಇಳಿಸಿಕೊಂಡಿದ್ದೇನೆ, ಅಷ್ಟೇ. ಬೇಸಿಗೆಯಲ್ಲಿ ಹೊಂಡ ಒಣಗಿಸಿ, ತಳದ ಗೋಡು ಮಣ್ಣನ್ನು ಸ್ವಲ್ಪ ತೆಗೆದು ಕಬ್ಬಿನ ಗದ್ದೆಗೆ ಹೊಡೆಯುತ್ತೇನೆ. ಎಲ್ಲವನ್ನೂ ಕೆರೆಯುವುದಿಲ್ಲ. ಆ ಕೆಸರೇ ಮೃಗಾಲ್‌ನ ಅಡುಗೆಮನೆ. ಗುಂಟೆಗೆ 2ರಿಂದ 2.5 ಕೆಜಿ ಸುಣ್ಣ. ಸುಣ್ಣ ಬಿದ್ದರೆ ಮಣ್ಣಿನ ಹುಳಿ ಇಳಿಯುತ್ತದೆ, ಗೊಬ್ಬರದ ಸಾರ ನೀರಿಗೆ ಸುಲಭವಾಗಿ ಸಿಗುತ್ತದೆ. ಒಂದು ವಾರ ಬಿಟ್ಟು ಗುಂಟೆಗೆ 20ರಿಂದ 30 ಕೆಜಿ ಸಗಣಿ ಗೊಬ್ಬರ. ಆಮೇಲೆ ನೀರು. ಆಮೇಲೆ ಕಾಯುವುದು. ನೀರು ತಿಳಿ ಹಸಿರಾಗಿ, ಲೋಟದಲ್ಲಿ ಚುಕ್ಕೆ ಕುಪ್ಪಳಿಸುವವರೆಗೂ ಮರಿ ತರುವುದಿಲ್ಲ. ಅಡುಗೆ ಆಗುವ ಮೊದಲು ನೆಂಟರನ್ನು ಕರೆಯಬಾರದು ಅಲ್ವಾ?

ಮರಿ ಬಿಟ್ಟ ಮೇಲೆ ತಿಂಗಳಿಗೆ ಗುಂಟೆಗೆ 10 ಕೆಜಿ ಸಗಣಿ. ಅದನ್ನೂ ಒಮ್ಮೆಗೇ ಹಾಕದೆ ಎರಡು ಕಂತಿನಲ್ಲಿ. ನಡುವೆ ಸೂಪರ್ ಫಾಸ್ಫೇಟ್ ಮತ್ತು ಯೂರಿಯಾ. ನನ್ನ 20 ಗುಂಟೆಗೆ ವರ್ಷಕ್ಕೆ ಸುಮಾರು 60 ಕೆಜಿ ಸೂಪರ್, 40 ಕೆಜಿ ಯೂರಿಯಾ. ಇದನ್ನು ತಿಂಗಳಿಗೆ ಹಂಚಿದರೆ ಬಹಳ ಕಡಿಮೆ. ಸೂಪರ್ ಅನ್ನು ರಾತ್ರಿ ನೆನೆಸಿಟ್ಟು ಬೆಳಿಗ್ಗೆ ಬಿಸಿಲಿನಲ್ಲಿ ಚೆಲ್ಲುತ್ತೇನೆ. ನೆನೆಸದೆ ಹಾಗೇ ಎಸೆದರೆ ತಳದ ಮಣ್ಣೇ ಅದನ್ನು ಹಿಡಿದುಕೊಳ್ಳುತ್ತದೆ. ಪ್ರತಿ ಸಲವೂ ಮೊದಲು ತಟ್ಟೆ ಇಳಿಸಿ ನೋಡುತ್ತೇನೆ. ತಟ್ಟೆ 25ಕ್ಕೇ ಮರೆಯಾದರೆ ಆ ಕಂತು ರದ್ದು. ಮೋಡ ಕವಿದರೂ ರದ್ದು. ಕ್ಯಾಲೆಂಡರ್ ನೋಡಿ ಗೊಬ್ಬರ ಹಾಕುವವನು ಒಂದಲ್ಲ ಒಂದು ದಿನ ನನ್ನ ಎರಡನೇ ವರ್ಷದ ಬೆಳಗನ್ನು ನೋಡಬೇಕಾಗುತ್ತದೆ.

ಪೆಲೆಟ್ ಬಿಟ್ಟಿದ್ದೇನೆಯೇ ಎಂದು ಕೇಳುತ್ತಾರೆ. ಬಿಟ್ಟಿಲ್ಲ. ಮೀನು ಬೆಳೆದು ಹೊಂಡ ತುಂಬಿದ ಮೇಲೆ ನೀರಿನ ಊಟ ಎಲ್ಲರಿಗೂ ಸಾಲುವುದಿಲ್ಲ. ಆಗ ತೌಡು ಮತ್ತು ಕಡಲೆಕಾಯಿ ಹಿಂಡಿಯನ್ನು ಸಮ ಸಮ ಬೆರೆಸಿ ಕೊಡುತ್ತೇನೆ, ಕೊನೆಯ ತಿಂಗಳುಗಳಲ್ಲಿ ಸ್ವಲ್ಪ ಪೆಲೆಟ್. ಪಂಗಾಸಿಯಸ್, ರೂಪ್‌ಚಂದ್ ಜಾತಿಯ ಮೀನು ಒತ್ತಾಗಿ ಸಾಕುವವರಿಗೆ ಚೀಲ ಬೇಕೇ ಬೇಕು. ಅವರ ದಾರಿ ಬೇರೆ. ನಾನು ಹೇಳುತ್ತಿರುವುದು ಅರ್ಧ ಎಕರೆ, ಒಂದು ಎಕರೆಯಲ್ಲಿ ಗೆಂಡೆ ಸಾಕುವ, ಕೊಟ್ಟಿಗೆಯಲ್ಲಿ ಎರಡು ಹಸು ಇರುವ ರೈತನ ಬಗ್ಗೆ. ಅವನ ಕೊಟ್ಟಿಗೆಯಲ್ಲಿ ಮೀನಿನ ಅರ್ಧ ಊಟ ಬಿದ್ದಿದೆ. ಅವನಿಗೆ ಅದನ್ನು ಯಾರೂ ತೋರಿಸಿಲ್ಲ.

ಮರಿ ಸಾಕುವವರಿಗಂತೂ ಈ ಪಾಠ ಪ್ರಾಣದಷ್ಟು ಮುಖ್ಯ. ಜುಲೈ 10 ನಮ್ಮ ದೇಶದಲ್ಲಿ ಮೀನು ಕೃಷಿಕರ ದಿನ. 1957ರಲ್ಲಿ ಅದೇ ದಿನ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಎಂಬ ವಿಜ್ಞಾನಿಗಳು ಒಡಿಶಾದಲ್ಲಿ ಪಿಟ್ಯುಟರಿ ಗ್ರಂಥಿಯ ಸಾರದ ಚುಚ್ಚುಮದ್ದು ಕೊಟ್ಟು ನಮ್ಮ ಗೆಂಡೆ ಮೀನುಗಳಿಂದ ಮೊಟ್ಟೆ ಇಡಿಸಿದರು. ಅದಕ್ಕೂ ಮೊದಲು ಮರಿ ಬೇಕೆಂದರೆ ಹೊಳೆಯಲ್ಲಿ ಹಿಡಿದು ತರಬೇಕಿತ್ತು. ಇವತ್ತು ಮರಿ ಎಲ್ಲೆಂದರಲ್ಲಿ ಸಿಗುತ್ತದೆ ಎಂದರೆ ಅವರ ಪುಣ್ಯ. ಆದರೆ ಮೊಟ್ಟೆಯೊಡೆದು ಮೂರು ದಿನಕ್ಕೆ ಆ ಎಳೆ ಮರಿಯ ಹೊಟ್ಟೆಯ ಚೀಲದಲ್ಲಿರುವ ಬುತ್ತಿ ಮುಗಿಯುತ್ತದೆ. ಆಗ ಅದರ ಬಾಯಿ ಸೂಜಿ ಮೊನೆಯಷ್ಟು. ಆ ಬಾಯಿಗೆ ಹಿಡಿಯುವುದು ರೋಟಿಫರ್‌ನಂಥ ಅತಿ ಸಣ್ಣ ಜೀವಿಗಳು. ಅವು ನೀರಿನಲ್ಲಿ ಇಲ್ಲದಿದ್ದರೆ ಮರಿ ಉಳಿಯುವುದಿಲ್ಲ.

ಅದಕ್ಕೊಂದು ಹಳೆಯ ಪಾಕ ಇದೆ. ಹೆಕ್ಟೇರಿಗೆ 750 ಕೆಜಿ ಕಡಲೆಕಾಯಿ ಹಿಂಡಿ, 200 ಕೆಜಿ ಸಗಣಿ, 50 ಕೆಜಿ ಸೂಪರ್ ಫಾಸ್ಫೇಟ್. ಗುಂಟೆಗೆ ಏಳೂವರೆ ಕೆಜಿ, ಎರಡು ಕೆಜಿ, ಅರ್ಧ ಕೆಜಿ. ನೀರಿನಲ್ಲಿ ಕಲಸಿ ಗಂಜಿಯ ಹಾಗೆ ಮಾಡಿ, ಅರ್ಧವನ್ನು ಮರಿ ಬಿಡುವ ಎರಡು ಮೂರು ದಿನ ಮೊದಲು ಚೆಲ್ಲಬೇಕು, ಉಳಿದದ್ದನ್ನು ಆಮೇಲೆ ಕಂತಿನಲ್ಲಿ. ಮೊದಲು ರೋಟಿಫರ್ ಏಳುತ್ತವೆ, ಆಮೇಲೆ ಮೊಯಿನಾ ಡಾಫ್ನಿಯಾ, ಕೊನೆಗೆ ಸೈಕ್ಲಾಪ್ಸ್. ಮರಿಯ ಬಾಯಿ ದೊಡ್ಡದಾಗುತ್ತಾ ಹೋದ ಹಾಗೆ ಊಟವೂ ದೊಡ್ಡದಾಗುತ್ತದೆ. ಆ ಹೊಂದಿಕೆ ನೋಡಿದರೆ ಕೈ ಮುಗಿಯಬೇಕು ಅನ್ನಿಸುತ್ತದೆ. ಮರಿ ಬಿಡುವುದು ತಡವಾದರೆ ದೊಡ್ಡ ಸೈಕ್ಲಾಪ್ಸ್‌ಗಳು ಎಳೆ ಮರಿಗೇ ಬಾಯಿ ಹಾಕುತ್ತವೆ. ಪರೀಕ್ಷೆಯೂ ಸುಲಭ. 50 ಲೀಟರ್ ನೀರನ್ನು ಪ್ಲವಕದ ಬಲೆ ಬಟ್ಟೆಯಲ್ಲಿ ಸೋಸಿ, ಉಳಿದದ್ದನ್ನು ಗೆರೆ ಇರುವ ಗಾಜಿನ ಕೊಳವೆಗೆ ಹಾಕಿ, ಒಂದು ಚಿಟಿಕೆ ಉಪ್ಪು ಉದುರಿಸಿದರೆ ಪ್ಲವಕ ತಳಕ್ಕೆ ಕೂರುತ್ತದೆ. 1ರಿಂದ 2 ಮಿಲಿಲೀಟರ್ ಇದ್ದರೆ ಮರಿ ಬಿಡಬಹುದು. ಕೊಡ ಹೊರಲು ಬರುವ ಯಾರಾದರೂ ಮಾಡಬಹುದಾದ ಕೆಲಸ.

ಈಗ ಪ್ಲಾಸ್ಟಿಕ್ ಹೊಂಡದ ವಿಷಯಕ್ಕೆ ಬರುತ್ತೇನೆ. ಸಚಿವರೇ, ಇದನ್ನು ದಯವಿಟ್ಟು ಗಮನವಿಟ್ಟು ಓದಿ.

2014ರಲ್ಲಿ ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಮಳೆಯಾಶ್ರಿತ ತಾಲ್ಲೂಕುಗಳಲ್ಲಿ ಕೃಷಿ ಹೊಂಡಗಳು ಎದ್ದವು. ನೀರು ಇಂಗಿ ಹೋಗಬಾರದು ಎಂದು ಕೆಳಗೆ ಪಾಲಿಥೀನ್ ಹಾಳೆ. ಬೆಳೆಗೆ ನೀರು ಉಳಿಸಲು ಅದು ಒಳ್ಳೆಯ ಕೆಲಸ. ನೀರು ಇದೆ, ಮೀನೂ ಬಿಡೋಣ ಎಂದು ಬಹಳ ಜನ ಹೊರಟರು. ನಾನೂ ಹೊರಟೆ. ಆದರೆ ಹಾಳೆ ಹಾಸಿದ ಹೊಂಡದಲ್ಲಿ ಮಣ್ಣು ಇಲ್ಲ. ಮಣ್ಣು ಇಲ್ಲ ಎಂದರೆ ತಳದ ಹುಳು ಇಲ್ಲ, ಕೊಳೆತದ್ದನ್ನು ಮತ್ತೆ ಸಾರ ಮಾಡಿ ನೀರಿಗೆ ಕೊಡುವ ಕೆಸರು ಇಲ್ಲ. ಮೃಗಾಲ್ ಮತ್ತು ಸಾಮಾನ್ಯ ಗೆಂಡೆಗಳ ತಟ್ಟೆಯನ್ನೇ ಕಿತ್ತುಕೊಂಡ ಹಾಗಾಯಿತು. ಮಣ್ಣಿನ ಹೊಂಡದ ಪಾಠವನ್ನೇ ಇಲ್ಲಿಗೂ ಹೇಳಿದರೆ ರೈತ ಸೋಲುತ್ತಾನೆ.

ದಾರಿ ಇದೆ. ಒಂದು, ಹಾಳೆಯ ಮೇಲೆ ಅರ್ಧ ಅಡಿ ಜರಡಿ ಹಿಡಿದ, ಕಲ್ಲಿಲ್ಲದ ಮಣ್ಣು ಹರಡುವುದು. ತಳ ಸಮ ಇರುವ ಕಡೆ ಇದು ನಿಲ್ಲುತ್ತದೆ. ಇನ್ನೊಂದು ದಾರಿ ನನಗೆ ತುಂಬಾ ಇಷ್ಟವಾದದ್ದು. ನಮ್ಮ ಕಡೆ ಆಲೆಮನೆಗಳು ಜಾಸ್ತಿ. ಕಬ್ಬಿನ ಸಿಪ್ಪೆಯನ್ನು ಸಣ್ಣ ಸಣ್ಣ ಕಂತೆ ಕಟ್ಟಿ, ಅಡ್ಡ ಹಗ್ಗಕ್ಕೆ ನೇತು ಹಾಕಿ ನೀರಿನಲ್ಲಿ ಇಳಿಬಿಡುತ್ತೇನೆ. ಕೆಲವೇ ವಾರಗಳಲ್ಲಿ ಸಿಪ್ಪೆಯ ಮೇಲೆಲ್ಲ ಲೋಳೆ ಕಟ್ಟುತ್ತದೆ. ಪಾಚಿ, ಬ್ಯಾಕ್ಟೀರಿಯಾ, ಸಣ್ಣ ಹುಳು ಎಲ್ಲ ಸೇರಿದ ಲೋಳೆ. ಪೆರಿಫೈಟಾನ್ ಎನ್ನುತ್ತಾರೆ. ರೋಹು ಬಂದು ಕಂತೆಗೆ ಬಾಯಿ ಹಚ್ಚಿ ಮೇಯುವುದನ್ನು ಕಣ್ಣಾರೆ ನೋಡಬಹುದು. ಬಿದಿರಿನ ಗಳವೂ ಆಗುತ್ತದೆ. ಆದರೆ ಹಾಳೆಯ ಹೊಂಡದಲ್ಲಿ ಗಳ ನೆಟ್ಟರೆ ಹಾಳೆ ತೂತಾಗುತ್ತದೆ, ಅದಕ್ಕೇ ನೇತು ಹಾಕಬೇಕು. ಕಂತೆ ಅತಿಯಾದರೆ ಅದೂ ಕೊಳೆತು ಆಮ್ಲಜನಕ ತಿನ್ನುತ್ತದೆ. ಸ್ವಲ್ಪದಿಂದ ಶುರು ಮಾಡಿ.

ಇದು ಹೊರಗಿನಿಂದ ಬಂದ ವಿದ್ಯೆ ಎಂದು ಯಾರೂ ತಿಳಿಯಬೇಡಿ. ಪಶ್ಚಿಮ ಆಫ್ರಿಕಾದ ಬೆನಿನ್ ದೇಶದ ಮೀನುಗಾರರು ಹಿನ್ನೀರಿನಲ್ಲಿ ಕೊಂಬೆ ನೆಟ್ಟು ಮೀನು ಕೂಡಿಸುವುದು ಹಳೆಯ ಪದ್ಧತಿ, ನಿಜ. ಆದರೆ ಕಬ್ಬಿನ ಸಿಪ್ಪೆ, ಭತ್ತದ ಹುಲ್ಲು, ಬಿದಿರನ್ನು ಹೊಂಡಕ್ಕೆ ಇಳಿಸಿ, ಗೆಂಡೆ ಮೀನು ಚೆನ್ನಾಗಿ ಬೆಳೆಯುತ್ತದೆ ಎಂದು ಪ್ರಯೋಗ ಮಾಡಿ ತೋರಿಸಿದವರು ನಮ್ಮ ಮಂಗಳೂರು ಮತ್ತು ಬೆಂಗಳೂರಿನ ಮೀನುಗಾರಿಕೆ ವಿಜ್ಞಾನಿಗಳೇ. 1990ರ ದಶಕದ ಕೊನೆಯ ಮಾತು. ಕಾಲು ಶತಮಾನ ಕಳೆಯಿತು. ಮಂಡ್ಯದಲ್ಲಿ ಕಬ್ಬಿಗೆ ಬರವಿಲ್ಲ, ಹೊಂಡಕ್ಕೆ ಬರವಿಲ್ಲ. ಆ ವಿದ್ಯೆ ಮಂಗಳೂರಿನಿಂದ ಮದ್ದೂರಿಗೆ ಇನ್ನೂ ನಡೆದು ಬರುತ್ತಲೇ ಇದೆ. ನನ್ನ ಸುತ್ತಲಿನ ಹೊಂಡದವರಲ್ಲಿ ಇದನ್ನು ಕೇಳಿದ್ದವರು ಒಬ್ಬರೂ ಇರಲಿಲ್ಲ. ಇದು ನನಗೆ ನಿಜವಾಗಿಯೂ ನೋವಿನ ವಿಷಯ.

ಹಾಗಾಗಿ ನನ್ನ ಮನವಿ ಹೀಗಿದೆ. ಸಹಾಯಧನದಲ್ಲಿ ಮರಿ, ಮೇವು ಕೊಡುವಾಗ ಜೊತೆಗೆ ಒಂದು ಸೆಕ್ಕಿ ತಟ್ಟೆ, ಒಂದು ಪ್ಲವಕದ ಬಲೆ, ಒಂದು ಗೆರೆ ಇರುವ ಗಾಜಿನ ಕೊಳವೆ ಕೊಡಿ. ಪೆಲೆಟ್ ಚೀಲದ ಮುಂದೆ ಇವುಗಳ ಬೆಲೆ ಏನೂ ಅಲ್ಲ. ತರಬೇತಿಯ ಮೊದಲ ಪಾಠ ಸಭಾಂಗಣದಲ್ಲಿ ಬೇಡ, ಹೊಂಡದ ದಂಡೆಯಲ್ಲಿ ಇರಲಿ. ಬೆಳಗಿನ ಜಾವ ಒಂದು ಸಲ, ಮಧ್ಯಾಹ್ನ ಒಂದು ಸಲ ಕರೆದುಕೊಂಡು ಹೋಗಿ. ಎರಡು ಹೊತ್ತಿನ ನೀರು ಹೇಗೆ ಬೇರೆ ಎಂದು ರೈತ ಕಣ್ಣಲ್ಲಿ ನೋಡಿದರೆ ಆಮ್ಲಜನಕದ ಪಾಠ ಪುಸ್ತಕದಲ್ಲಿ ಓದಬೇಕಿಲ್ಲ. ಪ್ಲಾಸ್ಟಿಕ್ ಹೊಂಡಕ್ಕೆ ಬೇರೆಯೇ ಕೈಪಿಡಿ ಬರಲಿ, ಅದರಲ್ಲಿ ಮಣ್ಣಿನ ಪದರ ಮತ್ತು ಕಬ್ಬಿನ ಸಿಪ್ಪೆಯ ಮಾತು ಇರಲಿ. 2015ರಿಂದ ಹೊಲದ ಮಣ್ಣಿಗೆ ಆರೋಗ್ಯ ಕಾರ್ಡ್ ಕೊಡುತ್ತಿದ್ದಾರೆ. ಹೊಂಡದ ತಳದ ಮಣ್ಣನ್ನೂ ಹಾಗೇ ಪರೀಕ್ಷಿಸಿ, ಸುಣ್ಣ ಎಷ್ಟು, ಗೊಬ್ಬರ ಎಷ್ಟು ಎಂದು ಗುಂಟೆ ಲೆಕ್ಕದಲ್ಲಿ ಬರೆದುಕೊಡಿ. ನಮ್ಮ ಕಡೆ ಯಾರೂ ಹೆಕ್ಟೇರಿನಲ್ಲಿ ಯೋಚಿಸುವುದಿಲ್ಲ.

ಕೃಷಿ ಇಲಾಖೆಯವರಿಗೂ ಒಂದು ಮಾತು. ಭತ್ತದ ಗದ್ದೆಗೆ ಹೊಡೆದ ಕೀಟನಾಶಕ ಬಸಿಗಾಲುವೆ ಹಿಡಿದು ಹೊಂಡಕ್ಕೆ ಬಂದರೆ ಮೊದಲು ಸಾಯುವುದು ಮೀನಲ್ಲ, ಡಾಫ್ನಿಯಾ. ಮೀನು ಬದುಕಿರುತ್ತದೆ, ಅದರ ಊಟ ಸತ್ತಿರುತ್ತದೆ. ರೈತನಿಗೆ ಯಾಕೆಂದು ಗೊತ್ತಾಗುವುದಿಲ್ಲ. ಗದ್ದೆಯ ಬಸಿನೀರು ಹೊಂಡಕ್ಕೆ ಬಿಡಬೇಡಿ ಎಂದು ಔಷಧಿ ಅಂಗಡಿಯಲ್ಲೂ ಒಂದು ಬೋರ್ಡ್ ಹಾಕಿಸಿ.

ಹೊಂಡ ತೋಡಿರುವ ಸ್ನೇಹಿತರೇ, ಸರ್ಕಾರ ಉತ್ತರ ಕೊಡುವವರೆಗೂ ಕಾಯಬೇಡಿ. ಊಟದ ತಟ್ಟೆಯೊಂದಕ್ಕೆ ಕಪ್ಪು ಬಿಳಿ ಬಣ್ಣ ಬಳಿಯಿರಿ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ, ಬಿಸಿಲು ಏರಿದ ಮೇಲೆ ಇಳಿಸಿ ನೋಡಿ. ಬಂದ ಅಳತೆಯನ್ನು ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆಯಿರಿ. ನಮ್ಮ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿ ನನ್ನ ಹೆಂಡತಿಯ ಅಕ್ಷರದಲ್ಲಿ ಈ ಅಳತೆ ಇರುತ್ತದೆ. ಮೊನ್ನೆ 32. ನಿನ್ನೆ 30. ಇವತ್ತು ಬೆಳಿಗ್ಗೆ 28. ಈ ವಾರದ ಸಗಣಿ ಬೇಡ ಎಂದು ಅವಳೇ ಹೇಳಿದ್ದಾಳೆ.

ಇಂತಿ,
ಮದ್ದೂರು ಕಡೆಯ ಒಬ್ಬ ಮೀನು ರೈತ